ಪೋಸ್ಟ್‌ಗ್ರೆಸ್ ಸರ್ವರ್‌ನ 16 ಜಿಬಿ ರ‍್ಯಾಮ್ ಎಲ್ಲಿ ಹೋಗುತ್ತದೆ?

ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಗಳ ಲೆಕ್ಕ ನಿಮ್ಮ ಸರ್ವರ್‌ನಲ್ಲಿದೆ. ಸೀಸನ್‌ನಲ್ಲಿ ರಾತ್ರಿ ರಿಪೋರ್ಟ್ ತೆಗೆಯುವಾಗ ಪೋಸ್ಟ್‌ಗ್ರೆಸ್ 15 ಡೇಟಾಬೇಸ್ ಬಿದ್ದುಹೋಗುತ್ತದೆ, ಯಾವ ಪ್ರೊಸೆಸ್ ಎಷ್ಟು ಮೆಮೊರಿ ತಿನ್ನುತ್ತಿದೆ ಎಂದು ತೋರಿಸುವ ಟಾಪ್ ಕಮಾಂಡ್‌ನಲ್ಲಿ ಎಲ್ಲವನ್ನೂ ಕೂಡಿಸಿದರೆ 40 ಜಿಬಿ ಬರುತ್ತದೆ, ಇರುವುದು 16. ರ‍್ಯಾಮ್ ಹಾಕಿಸಲೇ ಎಂದು ಕೇಳಿದ್ದೀರಿ. ಈಗಲೇ ದುಡ್ಡು ಹಾಕಬ್ಯಾಡ್ರಿ. ಹುಬ್ಬಳ್ಳಿಯಲ್ಲಿ ಇಂಥವೇ ಸರ್ವರ್ ನೋಡಿಕೊಳ್ಳುವವನಾಗಿ ಹೇಳುತ್ತಿದ್ದೇನೆ.

ಆ 40 ಜಿಬಿ ನಿಜವಾದ ಲೆಕ್ಕವಲ್ಲ. ಪೋಸ್ಟ್‌ಗ್ರೆಸ್‌ನ ಪ್ರೊಸೆಸ್‌ಗಳೆಲ್ಲ ಹಂಚಿಕೊಳ್ಳುವ ಶೇರ್ಡ್ ಬಫರ್ಸ್‌ನ 4 ಜಿಬಿಯನ್ನು ಮುಟ್ಟಿದ ಪ್ರತಿ ಪ್ರೊಸೆಸ್‌ನ ಹೆಸರಿಗೂ ಟಾಪ್ ಬರೆಯುತ್ತದೆ. ಒಂದೇ ವಾಡೆಯ ಅಂಗಳವನ್ನು ಎಲ್ಲ ಮನೆಯವರೂ ತಂತಮ್ಮ ಅಳತೆಗೆ ಸೇರಿಸಿಕೊಂಡಂತೆ. ಲಿನಕ್ಸ್‌ನ ಪ್ರೊಕ್ ಫೋಲ್ಡರ್‌ನಲ್ಲಿ ಆಯಾ ಪಿಐಡಿಯ (ಪ್ರೊಸೆಸ್ ನಂಬರ್) ಸ್ಮ್ಯಾಪ್ಸ್ ರೋಲಪ್ ಫೈಲ್ ತೆಗೆದು ಪಿಎಸ್ಎಸ್ ಸಾಲು ಕೂಡಿಸ್ರಿ; ಹಂಚಿಕೊಂಡ ಮೆಮೊರಿ ಅಲ್ಲಿ ಭಾಗವಾಗಿ ಬಂದಿರುತ್ತದೆ. ಪ್ರೈವೇಟ್ ಡರ್ಟಿ ಸಾಲು ಆ ಕನೆಕ್ಷನ್ ತಾನೇ ನುಂಗಿದ್ದು. ರಿಪೋರ್ಟ್ ಓಡುವಾಗ ಐದೈದು ಸೆಕೆಂಡಿಗೆ ಇವೆರಡನ್ನೂ ಫೈಲಿಗೆ ಬರೆಸ್ರಿ. ಬೆಳಿಗ್ಗೆ ನೋಡಿದರೆ ಉಪಯೋಗವಿಲ್ಲ, ಅಷ್ಟೊತ್ತಿಗೆ ಎಲ್ಲ ಬಿಟ್ಟುಕೊಟ್ಟಿರುತ್ತದೆ.

ನನ್ನ ಅನುಮಾನ ನೀವು ಬರೆದಿರುವ ವರ್ಕ್ ಮೆಮ್ (ಕ್ವೆರಿಯ ಕೆಲಸಕ್ಕೆ ಕೊಡುವ ಮೆಮೊರಿಯ ಸೆಟ್ಟಿಂಗ್) 256 ಎಂಬಿ ಮೇಲೆ. ಮೂಲದಲ್ಲಿ ಅದು 4 ಎಂಬಿ ಮಾತ್ರ. ಅದು ಇಡೀ ಸರ್ವರಿಗೆ ಹಾಕಿದ ಮಿತಿಯಲ್ಲ, ಒಂದು ಕನೆಕ್ಷನ್‌ಗೂ ಅಲ್ಲ. ಕ್ವೆರಿಯೊಳಗಿನ ಒಂದೊಂದು ಸಾರ್ಟ್ (ವಿಂಗಡಣೆ), ಟೇಬಲ್ ಜೋಡಿಸಲು ಮೆಮೊರಿಯಲ್ಲಿ ಕಟ್ಟುವ ಒಂದೊಂದು ಹ್ಯಾಶ್‌ಗೂ ಬೇರೆ ಬೇರೆ. 15ನೇ ಆವೃತ್ತಿಯಿಂದ ಹ್ಯಾಶ್‌ಗೆ ಅದರ ಎರಡು ಪಟ್ಟು. ರೈತ, ಲಾಟು, ಖರೀದಿದಾರ ಎಂದು ಮೂರು ಹ್ಯಾಶ್ ಜಾಯಿನ್ ಇದ್ದರೆ 1.5 ಜಿಬಿವರೆಗೆ ಹೋಗಬಹುದು. ಅದೇ ಕ್ವೆರಿಗೆ ಕೈಜೋಡಿಸುವ ಎರಡು ಪ್ಯಾರಲಲ್ ವರ್ಕರ್ ಪ್ರೊಸೆಸ್ ಸೇರಿದರೆ 4.5. ಮೂವರು ಒಟ್ಟಿಗೆ ರಿಪೋರ್ಟ್ ಒತ್ತಿದರೆ, ಶೇರ್ಡ್ ಬಫರ್ಸ್‌ನ 4 ಜಿಬಿಯೂ ಸೇರಿ, 16 ಜಿಬಿ ಸಾಲದು. ಮೆಮೊರಿ ಮುಗಿದು ಕರ್ನಲ್ (ಲಿನಕ್ಸ್‌ನ ಒಳತಿರುಳು) ಒಂದು ಪ್ರೊಸೆಸನ್ನು ಕೊಂದರೆ ಪೋಸ್ಟ್‌ಗ್ರೆಸ್ ಉಳಿದೆಲ್ಲ ಕನೆಕ್ಷನ್ ಕಡಿದು ರಿಕವರಿಗೆ ಹೋಗುತ್ತದೆ. ನಿಮಗೆ 'ಬಿದ್ದುಹೋದಂತೆ' ಕಾಣುವುದು ಅದೇ ಇರಬೇಕು. ಕರ್ನಲ್‌ನ ಲಾಗ್ ತೋರಿಸುವ ಡಿಮೆಸೇಜ್ ಕಮಾಂಡ್‌ನಲ್ಲಿ 'ಔಟ್ ಆಫ್ ಮೆಮೊರಿ' ಇದ್ದರೆ ಖಾತ್ರಿ.

ಉಬ್ಬುತ್ತಿರುವ ಪಿಐಡಿ ಸಿಕ್ಕ ಕೂಡಲೇ ಪಿಜಿ ಲಾಗ್ ಬ್ಯಾಕೆಂಡ್ ಮೆಮೊರಿ ಕಾಂಟೆಕ್ಸ್ಟ್ಸ್ ಫಂಕ್ಷನ್‌ಗೆ ಆ ನಂಬರ್ ಕೊಡ್ರಿ. ಒಳಗಿನ ಲೆಕ್ಕವೆಲ್ಲ ಲಾಗಿಗೆ ಬರುತ್ತದೆ. ಅದರಲ್ಲಿ ಹ್ಯಾಶ್‌ಬ್ಯಾಚ್‌ಕಾಂಟೆಕ್ಸ್ಟ್ (ಹ್ಯಾಶ್ ಹಿಡಿದ ಮೆಮೊರಿ) ದೊಡ್ಡದಿದ್ದರೆ ವರ್ಕ್ ಮೆಮ್ ಇಡೀ ಸರ್ವರಿಗೆ 16 ಎಂಬಿಗೆ ಇಳಿಸಿ, ರಿಪೋರ್ಟ್ ಯೂಸರ್‌ಗೆ ಮಾತ್ರ 64 ಎಂಬಿ ಇಡ್ರಿ. ರಿಪೋರ್ಟ್ ತುಸು ನಿಧಾನವಾಗಬಹುದು, ಆಗಲಿ. ರೈತರ ಪಟ್ಟಿ (ಬಿಲ್) ತಡೆದು ನಿಲ್ಲುವುದಕ್ಕಿಂತ ಅದು ವಾಸಿ. ದೊಡ್ಡದಿರುವುದು ಕ್ಯಾಶ್‌ಮೆಮೊರಿಕಾಂಟೆಕ್ಸ್ಟ್ (ಕನೆಕ್ಷನ್ ಟೇಬಲ್‌ಗಳ ವಿವರ ನೆನಪಿಟ್ಟುಕೊಳ್ಳುವ ಜಾಗ) ಆಗಿದ್ದರೆ ಕಥೆ ಬೇರೆ, ದಿನಗಟ್ಟಲೆ ತೆರೆದಿಟ್ಟ ಕನೆಕ್ಷನ್‌ಗಳನ್ನು ನೋಡಬೇಕಾಗುತ್ತದೆ. ಆ ಲಾಗ್ ಇಲ್ಲಿ ಹಾಕ್ರಿ, ಕೂತು ನೋಡೋಣ.