ಓದುಗರ ಪ್ರಶ್ನೆ: ಉದ್ದೀಪನ ಮದ್ದು ತಡೆ ಕಾಯ್ದೆಯನ್ನು ತಿದ್ದಿದ್ದೇಕೆ?

ಪ್ರಶ್ನೆ: ನನ್ನ ಮಗಳು ಅಜ್ಜರಕಾಡಿನ ಜಿಲ್ಲಾ ಕ್ರೀಡಾಂಗಣದಲ್ಲಿ 400 ಮೀಟರ್ ಓಟದ ಅಭ್ಯಾಸ ಮಾಡುತ್ತಿದ್ದಾಳೆ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಕಾಯ್ದೆ 2022ರಲ್ಲಿ ಬಂದು, ಮೂರೇ ವರ್ಷಗಳಲ್ಲಿ ತಿದ್ದುಪಡಿಯನ್ನೂ ಕಂಡಿತು ಎಂದು ಓದಿದೆ. ಹೊರಗಿನ ಸಂಸ್ಥೆಯೊಂದು ಆಕ್ಷೇಪಿಸಿತೆಂದು ನಮ್ಮ ಸಂಸತ್ತು ತಾನು ಮಾಡಿದ ಕಾಯ್ದೆಯನ್ನೇ ತಿದ್ದುವುದು ಸರಿಯೇ? ಇದರಿಂದ ಮಗಳಂಥವರಿಗೆ ಆಗುವ ವ್ಯತ್ಯಾಸವೇನು?
– ಓದುಗರೊಬ್ಬರು, ಉಡುಪಿ

ಉತ್ತರ: ಆಕ್ಷೇಪವಿದ್ದುದು ಕಾಯ್ದೆಯ ಉದ್ದೇಶಕ್ಕಲ್ಲ, ಅದರ ಅಧಿಕಾರ ಹಂಚಿಕೆಗೆ. 2022ರ ಕಾಯ್ದೆಯು ಕೇಂದ್ರ ಸರ್ಕಾರ ನೇಮಿಸುವ ರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿ, ಪರೀಕ್ಷೆ ನಡೆಸುವ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ನಾಡಾದ ಮೇಲ್ವಿಚಾರಣೆಯನ್ನೂ, ಶಿಸ್ತು ಸಮಿತಿ ಮತ್ತು ಮೇಲ್ಮನವಿ ಸಮಿತಿಗಳ ರಚನೆಯನ್ನೂ ಅದರ ಕೈಗೇ ಒಪ್ಪಿಸಿತ್ತು. ತಪ್ಪಿತಸ್ಥರೆಂದು ಹೇಳುವವರನ್ನೂ ಆ ತೀರ್ಪನ್ನು ಮರುಪರಿಶೀಲಿಸುವವರನ್ನೂ ಒಂದೇ ಮಂಡಳಿ ಆರಿಸಿದರೆ ಮೇಲ್ಮನವಿಗೆ ಅರ್ಥ ಉಳಿಯುವುದಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆಯ ಮಾತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆಯಾದ ವಾಡಾ ಇದನ್ನು ಸರ್ಕಾರಿ ಹಸ್ತಕ್ಷೇಪವೆಂದು ಪರಿಗಣಿಸಿದ್ದರಿಂದ ಕಾಯ್ದೆ ಜಾರಿಗೆ ಬಾರದೆ ಉಳಿಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತಿನ ಎರಡೂ ಸದನಗಳು ಒಪ್ಪಿದ ತಿದ್ದುಪಡಿಯು ಮೇಲ್ಮನವಿ ಸಮಿತಿಯನ್ನು ರಚಿಸುವ ಅಧಿಕಾರವನ್ನು ಮಂಡಳಿಯಿಂದ ತೆಗೆದು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ನಾಡಾದ ಮಹಾನಿರ್ದೇಶಕರು ಮತ್ತು ಸಿಬ್ಬಂದಿ ತಮ್ಮ ಕೆಲಸದಲ್ಲಿ ಸರ್ಕಾರದಿಂದಲೂ ಕ್ರೀಡಾ ಫೆಡರೇಷನ್‌ಗಳಿಂದಲೂ ಸ್ವತಂತ್ರರು ಎಂದು ಸ್ಪಷ್ಟಪಡಿಸಿದೆ. ಮಂಡಳಿಯಿಂದ ಕಿತ್ತು ಸರ್ಕಾರಕ್ಕೇ ಕೊಟ್ಟರೆ ಸ್ವಾತಂತ್ರ್ಯ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ನನಗೂ ಆ ಅನುಮಾನ ಪೂರ್ತಿಯಾಗಿ ಹೋಗಿಲ್ಲ. ಸಮಿತಿಗೆ ಎಂಥವರು ಬರುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆದರೆ ಇದು ಹೊರಗಿನವರಿಗೆ ಮಣಿದಂತೆ ಎನ್ನುವುದನ್ನು ಒಪ್ಪಲಾರೆ. ಕ್ರೀಡೆಯಲ್ಲಿ ಉದ್ದೀಪನ ಮದ್ದಿನ ವಿರುದ್ಧದ ಯುನೆಸ್ಕೊ ಒಪ್ಪಂದವನ್ನು ಭಾರತ 2007ರಲ್ಲೇ ಅನುಮೋದಿಸಿದೆ. ಕಾನೂನು ಹೊಂದಿಸಿಕೊಳ್ಳದಿದ್ದರೆ ಏನಾಗುತ್ತದೆಂಬುದನ್ನು 2021ರ ಅಕ್ಟೋಬರಿನಲ್ಲಿ ಥಾಯ್ಲೆಂಡ್ ಅನುಭವಿಸಿತು; ವಾಡಾ ಸಂಹಿತೆಗೆ ತನ್ನ ಕಾನೂನು ತಾಳೆಯಾಗದ ಕಾರಣಕ್ಕೇ ಅದನ್ನು ನಿಯಮಪಾಲನೆ ಮಾಡದ ದೇಶವೆಂದು ಘೋಷಿಸಲಾಯಿತು. ಪರೀಕ್ಷಾ ವ್ಯವಸ್ಥೆಯ ಲೋಪಕ್ಕಾಗಿ ಅದೇ ಪಟ್ಟಿ ಸೇರಿದ ಇಂಡೊನೇಷ್ಯಾ, ಅದೇ ತಿಂಗಳು ಥಾಮಸ್ ಕಪ್ ಗೆದ್ದಾಗ ರಾಷ್ಟ್ರಧ್ವಜದ ಬದಲು ತನ್ನ ಬ್ಯಾಡ್ಮಿಂಟನ್ ಸಂಸ್ಥೆಯ ಬಾವುಟವನ್ನು ಏರಿಸಬೇಕಾಯಿತು. 2030ರ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ಅಹಮದಾಬಾದಿನಲ್ಲಿ ನಡೆಸಲಿರುವ ದೇಶಕ್ಕೆ ಅಂಥ ಗತಿ ಬರಬಾರದು.

ಇನ್ನು ನಿಮ್ಮ ಮಗಳ ವಿಷಯ. ನಮ್ಮ ಜಿಲ್ಲೆಯವರು ಮರೆಯಲಾಗದ ಪ್ರಕರಣವೊಂದಿದೆ. ಕುಂದಾಪುರ ತಾಲೂಕಿನ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಎರಡು ಚಿನ್ನ ಗೆದ್ದು, ಮರುವರ್ಷವೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ತರಬೇತುದಾರರು ಕೊಟ್ಟ ಜಿನ್ಸೆಂಗ್ ಪೂರಕದಲ್ಲಿ ಸ್ಟೆರಾಯ್ಡ್ ಸೇರಿತ್ತೆಂಬ ವಾದವನ್ನು ಗಮನಿಸಿ ನಮ್ಮ ದೇಶದ ಶಿಸ್ತು ಸಮಿತಿ ಅವರಿಗೂ ಸಹ ಓಟಗಾರ್ತಿಯರಿಗೂ ಒಂದು ವರ್ಷದ ನಿಷೇಧ ವಿಧಿಸಿತು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ಮೇಲ್ಮನವಿ ಸಲ್ಲಿಸಿದಾಗ, ಲುಸಾನ್‌ನ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡು ವರ್ಷಕ್ಕೆ ಏರಿಸಿತು. ಅಂದರೆ ಕೊನೆಯ ಮಾತು ಹೊರಗಿನ ನ್ಯಾಯಮಂಡಳಿಯದೆಂಬುದು 2022ರ ಕಾಯ್ದೆಗಿಂತ ಹತ್ತು ವರ್ಷ ಮೊದಲೇ ಇತ್ಯರ್ಥವಾಗಿತ್ತು. ದೇಹದಲ್ಲಿ ಕಂಡದ್ದಕ್ಕೆ ಕ್ರೀಡಾಪಟುವೇ ಹೊಣೆ ಎಂಬ ನಿಯಮವನ್ನು ತಿದ್ದುಪಡಿ ಮುಟ್ಟಿಲ್ಲ, ಮುಟ್ಟುವಂತೆಯೂ ಇಲ್ಲ. ಮಗಳಿಗೆ ಸಿಗುವುದು, ಶಿಕ್ಷೆಯಾದರೆ ಹೆಚ್ಚು ನಂಬಬಹುದಾದ ವಿಚಾರಣೆ ಮಾತ್ರ. ತರಬೇತುದಾರರು ಕೊಟ್ಟರೆಂದು ಕಣ್ಣುಮುಚ್ಚಿ ನುಂಗುವುದನ್ನು ಮನೆಯಲ್ಲಿ ನೀವೇ ತಡೆಯಬೇಕು.

ಪ್ರಶ್ನೆ: ಮಂಗಳಾ ಕ್ರೀಡಾಂಗಣದಲ್ಲಿ ಅಭ್ಯಾಸ ಮಾಡುವ ನನ್ನ ತಮ್ಮನಿಗೆ ಮಳೆಗಾಲದಲ್ಲಿ ಕೆಮ್ಮು, ಉಬ್ಬಸ ಇದ್ದದ್ದೇ. ವೈದ್ಯರ ಚೀಟಿಯಿದ್ದರೆ ಸಾಕಲ್ಲವೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಸಾಲದು. ನಮ್ಮಲ್ಲಿ ಧಾರಾಳವಾಗಿ ಬರೆದುಕೊಡುವ ಹಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ, ಅದು ನಿಷೇಧಿತ ಪಟ್ಟಿಯಲ್ಲಿದೆ. ಇನ್‌ಹೇಲರ್ ಮೂಲಕ ಸೇದುವ ಸಾಲ್ಬ್ಯುಟಮಾಲ್‌ಗೆ 24 ಗಂಟೆಗಳಲ್ಲಿ 1,600 ಮೈಕ್ರೊಗ್ರಾಂ ಮಿತಿಯೊಳಗೆ ಅವಕಾಶವಿದೆ, ಅದನ್ನೂ ಎಂಟು ಗಂಟೆಗೊಮ್ಮೆ ಲೆಕ್ಕ ಹಿಡಿಯುವ ಉಪಮಿತಿಯಿದೆ. ಅದೇ ಮದ್ದನ್ನು ಮಾತ್ರೆಯಾಗಿ ನುಂಗುವಂತಿಲ್ಲ. ನಿಷೇಧಿತ ಔಷಧ ಅನಿವಾರ್ಯವಾದರೆ ಚಿಕಿತ್ಸಾ ವಿನಾಯಿತಿಗೆ ಅರ್ಜಿ ಹಾಕಿ, ಅನುಮತಿ ಕೈಸೇರಿದ ಮೇಲೆಯೇ ಕೂಟಕ್ಕೆ ಇಳಿಯಲಿ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತಾಗಲೇ ತಾನು ಕ್ರೀಡಾಪಟು ಎಂದು ಹೇಳಿ, ಚೀಟಿಯಲ್ಲಿ ಬರೆದ ಮದ್ದಿನ ಹೆಸರನ್ನು ನಾಡಾದ ‘ನೋ ಯುವರ್ ಮೆಡಿಸಿನ್’ ಆ್ಯಪ್‌ನಲ್ಲಿ ನೋಡಿಕೊಳ್ಳುವಂತೆ ತಮ್ಮನಿಗೆ ತಿಳಿಸಿ.