ಎಕ್ಸ್-ರೇ ನಾರ್ಮಲ್ ಬಂದರೂ ಸಂಧಿವಾತವಿರಬಹುದೇ?

ಪ್ರಶ್ನೆ: ನನ್ನ ತಾಯಿಗೆ 54 ವರ್ಷ. ಕೆಲವು ತಿಂಗಳಿಂದ ಎರಡೂ ಕೈಗಳ ಬೆರಳ ಬುಡದ ಗಿಣ್ಣುಗಳು ಊದಿಕೊಂಡಿದ್ದು, ಬೆಳಿಗ್ಗೆ ಎದ್ದು ಒಂದು ಗಂಟೆಯಾದರೂ ಮುಷ್ಟಿ ಕಟ್ಟಲು ಆಗುವುದಿಲ್ಲ. ಆಂಟಿ-ಸಿಸಿಪಿ (ರುಮಟಾಯ್ಡ್ ಸಂಧಿವಾತವನ್ನು ಗುರುತಿಸಲು ನೆರವಾಗುವ ರಕ್ತಪರೀಕ್ಷೆ) ಪಾಸಿಟಿವ್, ಕೈಗಳ ಎಕ್ಸ್-ರೇ ನಾರ್ಮಲ್. ವೈದ್ಯರು ರುಮಟಾಯ್ಡ್ ಸಂಧಿವಾತವೆಂದು ಮೆಥೊಟ್ರೆಕ್ಸೇಟ್ ಬರೆದುಕೊಟ್ಟು, ಅಲ್ಟ್ರಾಸೌಂಡ್ ಮಾಡಿಸಲು ಹೇಳಿದ್ದಾರೆ. ಎಂಆರ್‌ಐ ಮಾಡಿಸಿ ಖಚಿತಪಡಿಸಿಕೊಂಡ ಮೇಲೆ ಮಾತ್ರೆ ಶುರು ಮಾಡಿದರೆ ಆಗದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎಂಆರ್‌ಐಗಾಗಿ ಚಿಕಿತ್ಸೆಯನ್ನು ತಡಮಾಡುವ ಅಗತ್ಯ ನೀವು ಬರೆದಿರುವ ಲಕ್ಷಣಗಳಲ್ಲಿ ಕಾಣುವುದಿಲ್ಲ.

ಈ ಕಾಯಿಲೆ ಮೊದಲು ಹಿಡಿಯುವುದು ಮೂಳೆಯನ್ನಲ್ಲ, ಕೀಲಿನ ಒಳಪೊರೆಯನ್ನು. ಆ ಪೊರೆ ಉರಿಯೂತದಿಂದ ದಪ್ಪವಾಗಿ, ಮೃದ್ವಸ್ಥಿಯ ಹೊದಿಕೆಯಿಲ್ಲದ ಅಂಚಿನಲ್ಲಿ ಮೂಳೆಯನ್ನು ಕೊರೆಯತೊಡಗಿದ ಮೇಲಷ್ಟೇ ಎಕ್ಸ್-ರೇಯಲ್ಲಿ ಸವೆತದ ಗುರುತುಗಳು ಮೂಡುತ್ತವೆ. ಆದ್ದರಿಂದ ಆರಂಭದ ತಿಂಗಳುಗಳಲ್ಲಿ ಎಕ್ಸ್-ರೇ ನಾರ್ಮಲ್ ಬಂದರೆ ಮೂಳೆಗೆ ಇನ್ನೂ ಕಣ್ಣಿಗೆ ಕಾಣುವಷ್ಟು ಹಾನಿಯಾಗಿಲ್ಲವೆಂದು ತಿಳಿಯಬೇಕೇ ಹೊರತು ಕಾಯಿಲೆಯೇ ಇಲ್ಲವೆಂದಲ್ಲ. ಚಿಕಿತ್ಸೆ ಆರಂಭಿಸಲು ಇದೇ ಒಳ್ಳೆಯ ಸಮಯ.

ಅಲ್ಟ್ರಾಸೌಂಡ್‌ನಲ್ಲಿ ದಪ್ಪಗಾದ ಒಳಪೊರೆಯೂ ಕೀಲಿನೊಳಗೆ ಸೇರಿದ ನೀರೂ ಕಾಣುತ್ತವೆ. ಅಲ್ಟ್ರಾಸೌಂಡ್‌ನಲ್ಲೇ ಇರುವ ಪವರ್ ಡಾಪ್ಲರ್ ಎಂಬ ವಿಧಾನವನ್ನು ಬಳಸಿದಾಗ ಪೊರೆಯಲ್ಲಿ ಹೆಚ್ಚಿದ ರಕ್ತಸಂಚಾರ ಬಣ್ಣದಲ್ಲಿ ತೋರುವುದರಿಂದ, ಉರಿಯೂತ ಈಗ ಎಷ್ಟು ಚುರುಕಾಗಿದೆಯೆಂದು ಅಂದಾಜಿಸಬಹುದು. ವಿಕಿರಣದ ಭಯವಿಲ್ಲ, ಹಲವು ಕೀಲುಗಳನ್ನು ಒಂದೇ ಸಲ ನೋಡಬಹುದು. ಆದರೆ ಫಲಿತಾಂಶ ಬಹುಮಟ್ಟಿಗೆ ಮಾಡುವವರ ಕೈಚಳಕವನ್ನು ಅವಲಂಬಿಸಿದೆ. ಚರ್ಮದ ಮೇಲೆ ಆಡಿಸುವ ಪ್ರೋಬನ್ನು ಸ್ವಲ್ಪ ಜೋರಾಗಿ ಒತ್ತಿದರೂ ಡಾಪ್ಲರ್‌ನ ಬಣ್ಣ ಮಾಯವಾಗುತ್ತದೆ. ಹಾಗಾಗಿ ಕೀಲುಗಳ ಸ್ಕ್ಯಾನಿಂಗ್‌ನಲ್ಲಿ ಅನುಭವವಿರುವವರ ಬಳಿಗೇ ಹೋಗಿ, ತಾಯಿಯವರು ಸ್ಟೀರಾಯ್ಡ್ ತೆಗೆದುಕೊಂಡಿದ್ದರೆ ಅದನ್ನು ಮೊದಲೇ ತಿಳಿಸಿ, ಏಕೆಂದರೆ ಅದು ಉರಿಯೂತವನ್ನು ತಗ್ಗಿಸಿ ಚಿತ್ರವನ್ನು ಬದಲಿಸುತ್ತದೆ.

ಎಂಆರ್‌ಐಯ ವಿಶೇಷವೆಂದರೆ ಅದು ಮೂಳೆಯ ಮಜ್ಜೆಯೊಳಗಿನ ಊತವನ್ನೂ ತೋರಿಸುತ್ತದೆ. ಮುಂದೆ ಮೂಳೆ ಸವೆಯುವ ಸಾಧ್ಯತೆಗೆ ಅದು ಬಲವಾದ ಮುನ್ಸೂಚನೆ, ಬೇರಾವ ವಿಧಾನವೂ ಅದನ್ನು ಇಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಆದರೂ ವೆಚ್ಚ ಹೆಚ್ಚು, ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಭಾಗವನ್ನು ನೋಡಲಾಗುತ್ತದೆ, ಚಿತ್ರ ಸ್ಪಷ್ಟವಾಗಲೆಂದು ಗ್ಯಾಡೊಲಿನಿಯಂ ಎಂಬ ದ್ರಾವಣವನ್ನು ಚುಚ್ಚುವುದಾದರೆ ಮೂತ್ರಪಿಂಡಗಳ ಸ್ಥಿತಿಯನ್ನೂ ಗಮನಿಸಬೇಕು. ಲಕ್ಷಣಗಳು ಅಸ್ಪಷ್ಟವಾಗಿದ್ದು ವೈದ್ಯರಿಗೇ ಸಂದೇಹವಿದ್ದಾಗ ಅದು ಉಪಯುಕ್ತ. ಸಿ.ಟಿ. ಸ್ಕ್ಯಾನ್ ಮೂಳೆಯ ಸವೆತವನ್ನು ಸ್ಪಷ್ಟವಾಗಿ ತೋರಿಸಿದರೂ ಒಳಪೊರೆಯ ಉರಿಯೂತಕ್ಕೆ ಅಷ್ಟಾಗಿ ಒದಗುವುದಿಲ್ಲ.

ಹಾಗೆಂದು ಪದೇ ಪದೇ ಸ್ಕ್ಯಾನ್ ಮಾಡಿಸಿದರೆ ಗುಣವೂ ಬೇಗನೆ ಆಗುತ್ತದೆಯೆಂದು ಭಾವಿಸಬೇಕಿಲ್ಲ. 2016ರಲ್ಲಿ ಪ್ರಕಟವಾದ ನಾರ್ವೆಯ ‘ಆರ್ಕ್ಟಿಕ್’ ಎಂಬ ಹೆಸರಿನ ಅಧ್ಯಯನದಲ್ಲಿ, ಅಲ್ಟ್ರಾಸೌಂಡ್ ನೋಡಿ ಔಷಧಿ ಹೊಂದಿಸಿದವರಿಗೂ, ಕೀಲುಗಳನ್ನು ಕೈಯಿಂದ ಪರೀಕ್ಷಿಸಿ ಬಿಗಿಯಾಗಿ ಚಿಕಿತ್ಸೆ ಕೊಟ್ಟವರಿಗೂ ಎರಡು ವರ್ಷಗಳಲ್ಲಿ ರೋಗಶಮನದ ದೃಷ್ಟಿಯಿಂದ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಎಕ್ಸ್-ರೇ ಕೈಗಳಿಗೆ ಮಾತ್ರ ಆಗಿದ್ದರೆ ಪಾದಗಳದ್ದನ್ನೂ ತೆಗೆಸುವ ಬಗ್ಗೆ ವೈದ್ಯರನ್ನು ಕೇಳಿ. ಎಷ್ಟೋ ಸಲ ಸವೆತ ಮೊದಲು ಕಾಣುವುದು ಪಾದದ ಕಿರುಬೆರಳ ಬುಡದ ಕೀಲಿನಲ್ಲಿ. ಈಗಿನ ಚಿತ್ರಗಳನ್ನು ಜೋಪಾನವಾಗಿಡಿ, ಮುಂದಿನವುಗಳೊಡನೆ ಹೋಲಿಸಲು ಬೇಕಾಗುತ್ತವೆ. ಮೆಥೊಟ್ರೆಕ್ಸೇಟ್ ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಔಷಧಿ, ದಿನವೂ ನುಂಗಿದರೆ ಪ್ರಾಣಾಪಾಯ. ಆದ್ದರಿಂದ ವಾರದ ಯಾವ ದಿನವೆಂದು ಚೀಟಿಯಲ್ಲಿ ಬರೆಸಿಕೊಂಡು, ರಕ್ತ ಮತ್ತು ಯಕೃತ್ತಿನ ಪರೀಕ್ಷೆಗಳನ್ನು ವೈದ್ಯರು ಹೇಳಿದ ಸಮಯಕ್ಕೆ ಮಾಡಿಸಿ.