ಲಾಫಯೆಟ್‌ಗೆ ಬರುವ ತಂಗಿಗೆ

ಅಮೆರಿಕದ ಲೂಯಿಸಿಯಾನಾದ ಲಾಫಯೆಟ್‌ಗೆ ಓದಲು ಬರುತ್ತಿದ್ದೀಯ, ಖುಷಿಯಾಯಿತು. ಹಾಡು ಕಟ್ಟುವವಳು ನೀನು. 'ಅಕ್ಕಾ, ಅಲ್ಲಿ ಕನ್ನಡದಲ್ಲಿ ಬರೆದರೆ ಯಾರು ಕೇಳುತ್ತಾರೆ? ಇಂಗ್ಲಿಷಿಗೆ ಹೊರಳಲೇಬೇಕಾ?' ಎಂದು ಕೇಳಿದ್ದೀಯ. ಬೇಡ ತಂಗೀ. ಈ ಊರಲ್ಲಂತೂ ಬೇಡವೇ ಬೇಡ.

ಇಲ್ಲಿನ ಕೇಜನ್ ಜನರ ಹಿರಿಯರು ಫ್ರೆಂಚ್ ಮಾತಾಡುತ್ತಿದ್ದ ಅಕೇಡಿಯಾದವರು. ಈಗ ಅದು ಕೆನಡಾದ ಪೂರ್ವ ತೀರ. 1755ರಿಂದ ಬ್ರಿಟಿಷರು ಅವರನ್ನು ಅಲ್ಲಿಂದ ಓಡಿಸಿದರು. ಅವರಲ್ಲಿ ಎಷ್ಟೋ ಮಂದಿ ಇಲ್ಲಿ ಬಂದು ನೆಲೆಯಾದರು. 1921ರಲ್ಲಿ ರಾಜ್ಯದ ಶಾಲೆಗಳಲ್ಲಿ ಇಂಗ್ಲಿಷ್ ಮಾತ್ರ ಎಂದಾಯಿತು. ಫ್ರೆಂಚ್ ಆಡಿದ ಮಕ್ಕಳಿಗೆ ಶಿಕ್ಷೆ. ಅವರು ದೊಡ್ಡವರಾದಾಗ ತಮ್ಮ ಮಕ್ಕಳ ಜೊತೆ ಫ್ರೆಂಚ್ ಆಡುವುದನ್ನೇ ಬಿಟ್ಟರು. ಆದರೆ ಹಾಡು ಬಿಡಲಿಲ್ಲ. ಪಿಟೀಲು, ಅಕಾರ್ಡಿಯನ್, ಟ್ರಯಾಂಗಲ್ ಹಿಡಿದು ಮನೆಮನೆಯಲ್ಲಿ ಹಾಡಿಕೊಂಡೇ ಇದ್ದರು.

ಇಲ್ಲಿನ ಕೇಜನ್ ಹಾಡುಗಾರ ಲೂಯಿ ಮಿಷೋ ಬೆಳೆದದ್ದು ಅಂಥ ಮನೆಯಲ್ಲೇ. ಅಪ್ಪ, ಚಿಕ್ಕಪ್ಪ, ದೊಡ್ಡಪ್ಪಂದಿರದ್ದೇ ಒಂದು ತಂಡ, 'ಲೆ ಫ್ರೇರ್ ಮಿಷೋ'. ಲೂಯಿ ಮತ್ತು ಅವರ ಸೋದರ ಆಂಡ್ರೆ ಅದರಲ್ಲೇ ನುಡಿಸಿ ಪಳಗಿದರು. 1999ರಲ್ಲಿ ಇನ್ನೂ ಯುವಕರಾಗಿದ್ದಾಗಲೇ 'ಲಾಸ್ಟ್ ಬಾಯೂ ರ‍್ಯಾಂಬ್ಲರ್ಸ್' ಎಂಬ ತಮ್ಮದೇ ತಂಡ ಕಟ್ಟಿದರು. ಮೊದಲು ಟೂ-ಸ್ಟೆಪ್, ವಾಲ್ಟ್ಸ್ ಎಂಬ ಹಳೆಯ ಕುಣಿತದ ಹಾಡುಗಳು. ಬರುಬರುತ್ತಾ ತಮ್ಮದೇ ಹಾಡುಗಳು, ರಾಕ್ ಅಬ್ಬರ, ಎಲೆಕ್ಟ್ರಾನಿಕ್ ಸದ್ದು. ಮಾತು ಮಾತ್ರ ಫ್ರೆಂಚೇ. 'ಕಲೆಂಡಾ' ಆಲ್ಬಮ್‌ಗೆ 2018ರಲ್ಲಿ ಗ್ರ್ಯಾಮಿ ಪ್ರಶಸ್ತಿ ಬಂತು. ಅದನ್ನು ಜೋರಾಗಿ ಹಾಕಿ ಕೇಳು. ಎಷ್ಟೇ ಗದ್ದಲವಿದ್ದರೂ ಕೆಳಗೆ ಮನೆಯವರು ಕಲಿಸಿದ ಕುಣಿತದ ನಡೆ ತಪ್ಪುವುದಿಲ್ಲ. ಹೊಸದನ್ನು ಅಷ್ಟು ಧೈರ್ಯವಾಗಿ ಮಾಡಲು ಆ ಗಟ್ಟಿ ನಡೆಯೇ ಕಾರಣ ಎಂದು ನಾನು ನಂಬಿದ್ದೇನೆ. ನಿನಗೆ ಅಜ್ಜಿಯಿಂದ ಬಂದ ಸೋಬಾನೆ ಪದಗಳಿವೆ ಎಂದಿದ್ದೀಯಲ್ಲ, ಅವನ್ನು ಮರೆಯದೆ ತಾ.

ಕೇಜನ್ ಹಾಡುಗಾರ್ತಿ ಕ್ರಿಸ್ಟೀನ್ ಬಾಲ್ಫಾ ಅವರ ಹಾಡುಗಳನ್ನೂ ಕೇಳು. ಅವರ ಅಪ್ಪ ಡ್ಯೂಯಿ ಬಾಲ್ಫಾ 1964ರಲ್ಲಿ ನ್ಯೂಪೋರ್ಟ್ ಜಾನಪದ ಸಂಗೀತ ಉತ್ಸವದಲ್ಲಿ ಕೇಜನ್ ಸಂಗೀತ ನುಡಿಸಿ ಬಂದವರು. 1992ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮಗಳು 'ಬಾಲ್ಫಾ ತುಜೂರ್' ತಂಡ ಕಟ್ಟಿ, ಹಳೆಯ ಹಾಡುಗಳ ಜೊತೆ ಫ್ರೆಂಚಿನಲ್ಲಿ ಹೊಸ ಹಾಡುಗಳನ್ನೂ ಹಾಡಿದರು.

ಇನ್ನು ಉಳಿದದ್ದು. ಕನ್ನಡದವರು ಇಲ್ಲಿ ಕಮ್ಮಿ, ರಾಜ್ಯೋತ್ಸವಕ್ಕೆ ಹ್ಯೂಸ್ಟನ್ನಿಗೇ ಹೋಗಬೇಕು. ಸೆಕೆ ಜಾಸ್ತಿ. ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಸುದ್ದಿ ಮೇಲೆ ಕಣ್ಣಿಟ್ಟಿರು. ಕಾರಿಲ್ಲದೆ ಓಡಾಟ ಕಷ್ಟ. ಆದರೆ ಯೂನಿಸ್ ಊರಿನಲ್ಲಿ ಅಕಾರ್ಡಿಯನ್ ತಯಾರಿಸುವ ಮಾರ್ಕ್ ಸವಾಯ್ ಅವರ ಅಂಗಡಿ ಇದೆ. ಅಲ್ಲಿ ಶನಿವಾರ ಬೆಳಿಗ್ಗೆ ಜನ ಕೂತು ನುಡಿಸುವ ರೂಢಿ. ನಾವು ಕರೆದುಕೊಂಡು ಹೋಗುತ್ತೇವೆ. ಮೊದಲ ಸಲ ಸುಮ್ನೆ ಕೂತು ಕೇಳು. ಪರಿಚಯವಾದ ಮೇಲೆ ಯಾರಾದರೂ ಹಾಡು ಎಂದರೆ ಕನ್ನಡದಲ್ಲೇ ಹಾಡು.